"ಹತ್ತಿರ ಹೋಗಿ ತೆಗೆಯಿರಿ" ಅಂತಾರೆ. ಕ್ರಾಪ್ ಮಾಡಿದರೆ ಸಾಲದಾ?

ಕಿಟಕಿಬೆಳಕು:

ಫೋಟೋ ಹಾಕಿ ಹೇಗಿದೆ ಅಂತ ಕೇಳಿದಾಗಲೆಲ್ಲ ಬರುವ ಉತ್ತರ ಒಂದೇ. "ಇನ್ನೂ ಸ್ವಲ್ಪ ಹತ್ತಿರ ಹೋಗಬೇಕಿತ್ತು." ಹೂವಿಗೂ ಅದೇ, ಮಗುವಿನ ಮುಖಕ್ಕೂ ಅದೇ, ಹಳೇ ಬಾಗಿಲಿಗೂ ಅದೇ. ಯಾಕೆ ಅಂತ ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ.

ನನ್ನ ಫೋನಿನಲ್ಲಿ 48 ಮೆಗಾಪಿಕ್ಸೆಲ್ ಸೆನ್ಸರ್ ಇದೆ. 3ಎಕ್ಸ್, ಅಂದರೆ 3 ಪಟ್ಟು ಹಿಗ್ಗಿಸುವ ಲೆನ್ಸ್ ಬೇರೆ ಇದೆ. ನಿಂತಲ್ಲೇ ಝೂಮ್ ಮಾಡಬಹುದು. ಇಲ್ಲವೇ ಆಮೇಲೆ ಆರಾಮಾಗಿ ಕೂತು ಅಂಚು ಕತ್ತರಿಸಿ ಕ್ರಾಪ್ ಮಾಡಬಹುದು. ಫ್ರೇಮಿನ ತುಂಬ ಕಾಣಬೇಕು ಅನ್ನುವುದಷ್ಟೇ ಉದ್ದೇಶವಾದರೆ ಕಾಲಿಗೆ ಯಾಕೆ ಕೆಲಸ ಕೊಡಬೇಕು?

ಇನ್ನೊಂದು ಅನುಮಾನ. ಹತ್ತಿರ, ಇನ್ನೂ ಹತ್ತಿರ ಅಂತ ಹೋಗ್ತಾ ಇದ್ದರೆ ಎಲ್ಲಿ ನಿಲ್ಲಬೇಕು? ಗೊತ್ತಿರುವವರು ಸ್ವಲ್ಪ ಲೆಕ್ಕದ ಸಮೇತ ಹೇಳಿದರೆ ಉಪಕಾರ. "ಮನಸ್ಸಿನಿಂದ ಹತ್ತಿರ ಹೋಗಿ" ಥರದ ಉತ್ತರ ದಯವಿಟ್ಟು ಬೇಡ.

ಸುಮ್ನೆನೋಡುವವ:

ನಾನು ಕ್ರಾಪ್ ಪಕ್ಷ. ಈಗಿನ ಸೆನ್ಸರುಗಳಲ್ಲಿ ಪಿಕ್ಸೆಲ್ ದಂಡಿಯಾಗಿವೆ. ಫೋನಿನಲ್ಲೇ ನೋಡುವ ಫೋಟೋದಲ್ಲಿ ಅರ್ಧ ಕತ್ತರಿಸಿ ಎಸೆದರೂ ಯಾರಿಗೂ ಗೊತ್ತಾಗಲ್ಲ. ಮುಂದಿನವರು ಬಂದು ನಿಮ್ಮನ್ನು ನಡೆಸುತ್ತಾರೆ ನೋಡಿ.

ಐವತ್ತುಎಂಎಂ:

ಬಂದೆ, ನಡೆಸುತ್ತೇನೆ.

ಪಿಕ್ಸೆಲ್ ವಿಷಯ ಆಮೇಲೆ. ಮೊದಲು ಜಾಗದ ಲೆಕ್ಕ. ಒಬ್ಬರು ನಿಮ್ಮಿಂದ 3 ಮೀಟರ್ ದೂರದಲ್ಲಿ ನಿಂತಿದ್ದಾರೆ. ಅವರಿಗಿಂತ 9 ಮೀಟರ್ ಹಿಂದೆ, ಅವರಷ್ಟೇ ಎತ್ತರದ ಒಂದು ಕಂಬ ಇದೆ. ಅಂದರೆ ಕ್ಯಾಮೆರಾದಿಂದ ಕಂಬಕ್ಕೆ 12 ಮೀಟರ್. ವ್ಯಕ್ತಿಗಿಂತ 4 ಪಟ್ಟು ದೂರ. ಹಾಗಾಗಿ ಫೋಟೋದಲ್ಲಿ ಕಂಬ ವ್ಯಕ್ತಿಯ ನಾಲ್ಕನೇ ಒಂದು ಭಾಗದಷ್ಟು ಕಾಣುತ್ತದೆ.

ಈಗ 2 ಮೀಟರ್ ಮುಂದೆ ಬನ್ನಿ. ವ್ಯಕ್ತಿ 1 ಮೀಟರ್ ದೂರದಲ್ಲಿ, ಕಂಬ 10 ಮೀಟರ್ ದೂರದಲ್ಲಿ. ವ್ಯಕ್ತಿ ಮೊದಲಿಗಿಂತ 3 ಪಟ್ಟು ದೊಡ್ಡದಾದರು. ಕಂಬ ದೊಡ್ಡದಾಗಿದ್ದು ಬರೀ 1.2 ಪಟ್ಟು. ನಾಲ್ಕನೇ ಒಂದು ಭಾಗ ಇದ್ದ ಕಂಬ ಈಗ ಹತ್ತನೇ ಒಂದು ಭಾಗ. ಅದು ಅಲ್ಲೇ ಇದೆ, ಆದರೆ ಅದರ ಜೋರು ಇಳಿದಿದೆ.

ಅದೇ ನಿಂತಲ್ಲಿಂದ 3ಎಕ್ಸ್ ಹಾಕಿದರೆ? ವ್ಯಕ್ತಿಯೂ 3 ಪಟ್ಟು, ಕಂಬವೂ 3 ಪಟ್ಟು. ಕ್ರಾಪ್ ಮಾಡಿದರೂ ಅಷ್ಟೇ. ಫ್ರೇಮ್ ಚಿಕ್ಕದಾಯಿತು, ಒಳಗಿನ ಜಗಳ ಹಾಗೇ ಉಳಿಯಿತು. ಕಾಲಿಗೆ ಯಾಕೆ ಕೆಲಸ ಅಂದಿರಲ್ಲ, ಇದಕ್ಕೇ.

ಇನ್ನೂ ಒಂದಿದೆ, ಇದನ್ನು ಜಾಸ್ತಿ ಜನ ಗಮನಿಸುವುದಿಲ್ಲ. ಹತ್ತಿರ ಇದ್ದಾಗ ನಿಮ್ಮ ಎತ್ತರ ಬದಲಾಯಿಸಿದರೆ ನೋಟವೇ ಬದಲಾಗುತ್ತದೆ. ವಸ್ತುವಿನ ಮಟ್ಟದಲ್ಲಿ ಕ್ಯಾಮೆರಾ ಹಿಡಿದಿದ್ದೀರಿ ಅಂದುಕೊಳ್ಳಿ. 1 ಮೀಟರ್ ದೂರದಲ್ಲಿದ್ದು 1 ಮೀಟರ್ ಕೆಳಗಿಳಿದರೆ ಕೋನ 45 ಡಿಗ್ರಿ ಬದಲಾಗುತ್ತದೆ. ಹಿಂದೆ ಇದ್ದ ಗೋಡೆ ಮಾಯ, ಆಕಾಶ ಹಾಜರು. 10 ಮೀಟರ್ ದೂರದಲ್ಲಿ ಅಷ್ಟೇ ಕೆಳಗಿಳಿದರೆ 6 ಡಿಗ್ರಿ ಕೂಡ ಬದಲಾಗಲ್ಲ. ಮೊಣಕಾಲು ನೋವು ಮಾತ್ರ ಲಾಭ.

ಕಿಟಕಿಬೆಳಕು:

ಇದು ಅರ್ಥವಾಯಿತು. ಹಾಗಾದರೆ ಟೆಲಿ ಲೆನ್ಸ್, ಅಂದರೆ ದೂರದ್ದನ್ನು ಹಿಗ್ಗಿಸುವ ಲೆನ್ಸ್, ಹಾಕಿದರೆ ಹಿನ್ನೆಲೆ ಮುಂದಕ್ಕೆ ಎಳೆದ ಹಾಗೆ ಕಾಣುತ್ತೆ ಅಂತಾರಲ್ಲ, ಅದು ಲೆನ್ಸಿನ ಗುಣ ಅಲ್ವಾ?

ಐವತ್ತುಎಂಎಂ:

ಅಲ್ಲ. ಟೆಲಿ ಲೆನ್ಸ್ ಹಾಕಿಕೊಂಡವರು ಹಿಂದೆ ಹೋಗಿ ನಿಲ್ಲುತ್ತಾರೆ, ಅದಕ್ಕೆ ಹಾಗೆ ಕಾಣುತ್ತದೆ. ನೀವೇ ನೋಡಿ. ಕ್ಯಾಮೆರಾ ಒಂದು ಕಡೆ ಕದಲದ ಹಾಗೆ ಇಡಿ. ಒಂದು ಫೋಟೋ 1ಎಕ್ಸ್, ಇನ್ನೊಂದು 3ಎಕ್ಸ್. ಮೊದಲನೆಯದರ ನಡುಭಾಗ ಕ್ರಾಪ್ ಮಾಡಿ ಎರಡನೆಯದರ ಪಕ್ಕ ಇಡಿ. ಸ್ಪಷ್ಟತೆ, ಮಸುಕು ಬೇರೆ ಇರಬಹುದು. ಯಾವುದರ ಹಿಂದೆ ಯಾವುದು, ಎಷ್ಟು ದೊಡ್ಡದು ಅನ್ನುವುದು ಎರಡರಲ್ಲೂ ಒಂದೇ ಇರುತ್ತದೆ. ದೃಷ್ಟಿಕೋನ ತೀರ್ಮಾನವಾಗುವುದು ನೀವು ನಿಂತ ಜಾಗದಿಂದ. ಅದರಲ್ಲಿ ಎಷ್ಟು ಭಾಗ ಫ್ರೇಮಿಗೆ ಬರಬೇಕು ಅನ್ನುವುದಷ್ಟೇ ಲೆನ್ಸಿನ ಕೆಲಸ.

ಸುಮ್ನೆನೋಡುವವ:

ಒಪ್ಪಿದೆ. ಆದರೆ ಹಿನ್ನೆಲೆ ದೊಡ್ಡದಾಗಿಯೇ ಬೇಕು ಅಂದರೆ? ಬೆಟ್ಟದ ಮುಂದೆ ಒಬ್ಬರನ್ನು ನಿಲ್ಲಿಸಿದ್ದೇನೆ. ಹತ್ತಿರ ಹೋಗಿ ತೆಗೆದರೆ ಬೆಟ್ಟ ಗುಡ್ಡ ಆಗುತ್ತೆ.

ಐವತ್ತುಎಂಎಂ:

ಆಗ ಹಿಂದೆ ಹೋಗಿ, ಝೂಮ್ ಮಾಡಿ. ಬೆಟ್ಟ ಬೇಕು ಅಂತ ನೀವು ಮೊದಲೇ ತೀರ್ಮಾನ ಮಾಡಿದ್ದೀರಿ, ಆಮೇಲೆ ಜಾಗ ಹುಡುಕಿದ್ದೀರಿ. ನನ್ನ ತಕರಾರು ಇರುವುದು ನಿಂತಲ್ಲೇ ನಿಂತು ಬೆರಳಲ್ಲಿ ಪರದೆ ಹಿಗ್ಗಿಸುವವರ ಮೇಲೆ.

ಕತ್ತಲೆಕೋಣೆ:

ಲೆಕ್ಕ ಚೆನ್ನಾಗಿದೆ. ನಾನು ಒಂದು ಉದಾಹರಣೆ ಕೊಡುತ್ತೇನೆ. ಇದು ಯಾರು ಬೇಕಾದರೂ ನೋಡಬಹುದಾದದ್ದು.

1936ರಲ್ಲಿ ಫೋಟೋಗ್ರಾಫರ್ ಡೊರೊಥಿಯಾ ಲ್ಯಾಂಗ್ ಅಮೆರಿಕದ ಕ್ಯಾಲಿಫೋರ್ನಿಯಾದ ನಿಪೊಮೊದಲ್ಲಿ, ಬಟಾಣಿ ಕೀಳುವ ಕೂಲಿಗಳ ಬಿಡಾರದಲ್ಲಿ ಒಬ್ಬ ತಾಯಿ ಮತ್ತು ಮಕ್ಕಳನ್ನು ತೆಗೆದ ಫೋಟೋ ಎಲ್ಲರಿಗೂ ಗೊತ್ತು. ಕೆನ್ನೆಗೆ ಕೈ ತಾಗಿಸಿ ಎಲ್ಲೋ ನೋಡುತ್ತಿರುವ ತಾಯಿ. ಎರಡೂ ಹೆಗಲಿಗೆ ಆತುಕೊಂಡು, ಮುಖ ಆಚೆ ತಿರುಗಿಸಿದ ಇಬ್ಬರು ಮಕ್ಕಳು. ಮಡಿಲಲ್ಲಿ ಕೂಸು. ಜಾಸ್ತಿ ಜನಕ್ಕೆ ಗೊತ್ತಿಲ್ಲದ ವಿಷಯ ಅಂದರೆ, ಆವತ್ತು ಲ್ಯಾಂಗ್ ಅದೊಂದೇ ಫೋಟೋ ತೆಗೆದದ್ದಲ್ಲ. ಉಳಿದವೂ ಇವೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಸಂಗ್ರಹದಲ್ಲಿ ನೋಡಲು ಸಿಗುತ್ತವೆ.

ಅವುಗಳನ್ನು ಸಾಲಾಗಿ ಇಟ್ಟು ನೋಡಿ. ದೂರದಿಂದ ತೆಗೆದದ್ದರಲ್ಲಿ ಡೇರೆ ಪೂರ್ತಿ ಕಾಣುತ್ತದೆ. ಸುತ್ತ ಬರಿ ನೆಲ, ಸಾಮಾನು, ಕುರ್ಚಿಯಲ್ಲಿ ಕೂತ ದೊಡ್ಡ ಹುಡುಗಿ. ತಾಯಿ ಅಲ್ಲಿದ್ದಾಳೆ, ಆದರೆ ಹುಡುಕಬೇಕು. ಹತ್ತಿರದ ಚಿತ್ರಗಳಿಗೆ ಬಂದ ಹಾಗೆ ಒಂದೊಂದೇ ವಸ್ತು ಜಾಗ ಖಾಲಿ ಮಾಡುತ್ತದೆ. ನೆಲ ಹೋಯಿತು. ದೊಡ್ಡ ಹುಡುಗಿ ಹೋದಳು. ಟ್ರಂಕು ಹೋಯಿತು. ನಮಗೆಲ್ಲ ಗೊತ್ತಿರುವ ಚಿತ್ರದಲ್ಲಿ ಡೇರೆ ಕೂಡ ಡೇರೆಯಾಗಿ ಉಳಿದಿಲ್ಲ, ಹಿಂದೆ ಮಸುಕಾದ ಬಟ್ಟೆ ಅಷ್ಟೆ. ಮಕ್ಕಳ ಮುಖವೂ ಕಾಣುವುದಿಲ್ಲ. ಇಡೀ ಫ್ರೇಮಿನಲ್ಲಿ ನಮ್ಮ ಕಣ್ಣು ನಿಲ್ಲುವುದಕ್ಕೆ ಉಳಿದದ್ದು ಒಂದೇ ದೊಡ್ಡ ಮುಖ.

ಲ್ಯಾಂಗ್ ಬಳಸಿದ್ದು ದೊಡ್ಡ ನೆಗೆಟಿವ್ ಬಳಸುವ ಗ್ರಾಫ್ಲೆಕ್ಸ್ ಕ್ಯಾಮೆರಾ. ಝೂಮ್ ಅನ್ನುವ ಮಾತೇ ಇಲ್ಲ. ಹತ್ತಿರದ ಚಿತ್ರ ಬೇಕಾದರೆ ಹತ್ತಿರ ನಡೆಯಬೇಕು.

ಇದರಲ್ಲಿ ನಾನು ಕಲಿಯುವುದು ಏನೆಂದರೆ, ದೂರದ ಚಿತ್ರ ತಪ್ಪಲ್ಲ. ಅದೂ ಬೇಕು. ಅದನ್ನು ತೆಗೆದುಕೊಂಡೇ ಮುಂದೆ ಹೋಗಿ. ನಮ್ಮಲ್ಲಿ ಹೆಚ್ಚಿನವರು ಮೊದಲ ಫೋಟೋ ಆದ ತಕ್ಷಣ ಫೋನ್ ಜೇಬಿಗೆ ಹಾಕುತ್ತೇವೆ. ತೊಂದರೆ ಅಲ್ಲೇ ಇರುವುದು.

ಮಂಜುಗಾಜು:

@ಕತ್ತಲೆಕೋಣೆ ಆ ಫೋಟೋದ ಇನ್ನೊಂದು ಮುಖವನ್ನೂ ಹೇಳಬೇಕು ಸರ್. ಆ ತಾಯಿಯ ಹೆಸರು ಹೊರಗೆ ಬಂದದ್ದು 1978ರಲ್ಲಿ. ಅಂದರೆ ನಾಲ್ಕು ದಶಕಕ್ಕೂ ಮೇಲೆ. ಫೋಟೋ ತೆಗೆಯದೇ ಇದ್ದಿದ್ದರೆ ಚೆನ್ನಾಗಿತ್ತು, ಅದರಿಂದ ನನಗೆ ಒಂದು ಕಾಸೂ ಸಿಗಲಿಲ್ಲ, ನನ್ನ ಹೆಸರನ್ನೂ ಕೇಳಲಿಲ್ಲ ಅನ್ನುವ ಅರ್ಥದಲ್ಲಿ ಆಕೆ ಬೇಸರ ಹೇಳಿಕೊಂಡಿದ್ದರು. ಫ್ರೇಮಿನಲ್ಲಿ ಅಷ್ಟು ಹತ್ತಿರ ಹೋದರೂ ಹೆಸರು ಕೇಳುವಷ್ಟು ಹತ್ತಿರ ಹೋಗಲಿಲ್ಲ.

ಫೋಟೋ ಕೆಟ್ಟದ್ದು ಅನ್ನುತ್ತಿಲ್ಲ. ಅದು ದೊಡ್ಡ ಫೋಟೋನೇ. ಆದರೆ ಜನರ ಫೋಟೋ ವಿಷಯದಲ್ಲಿ "ಹತ್ತಿರ ಹೋಗಿ" ಅಂತ ಹೊಸಬರಿಗೆ ಸಲಹೆ ಕೊಡುವಾಗ ಇದನ್ನು ಸೇರಿಸಿಯೇ ಹೇಳಬೇಕು. ಮೊದಲು ಮಾತಾಡಿ. ಕ್ಯಾಮೆರಾ ಕಾಣುವ ಹಾಗೆ ಹಿಡಿದುಕೊಂಡು ಹೋಗಿ, ಬಚ್ಚಿಟ್ಟುಕೊಂಡು ಹೋಗಬೇಡಿ. ತೆಗೆದ ಮೇಲೆ ತೋರಿಸಿ. ಬೇಡ ಅಂದರೆ ಅಳಿಸಿ. ಬೇಡ ಅನ್ನದೇ ಮುಖ ತಿರುಗಿಸಿದರೂ ಅದು ಬೇಡ ಅಂತಲೇ.

ಇದರಿಂದ ಫೋಟೋಗೂ ಲಾಭ ಇದೆ. ಅಪರಿಚಿತರು ಒಮ್ಮೆಗೇ ಒಂದು ಮೀಟರ್ ಹತ್ತಿರ ಬಂದರೆ ಯಾರದ್ದಾದರೂ ಹೆಗಲು ಬಿಗಿಯಾಗುತ್ತದೆ, ನಗು ಪೆಡಸಾಗುತ್ತದೆ. ಎರಡು ಮಾತಾಡಿ, ಅವರ ಕೆಲಸಕ್ಕೆ ಅವರು ಮರಳುವವರೆಗೂ ಕಾದರೆ ಕೈ, ಕಣ್ಣು ಎಲ್ಲ ಸಡಿಲವಾಗುತ್ತವೆ. ಚಿಕ್ಕ ಮಕ್ಕಳಾದರೆ ಮೊದಲು ನೆಲದ ಮೇಲೆ ಕೂತುಬಿಡಿ. ಮೇಲಿಂದ ತೆಗೆದ ಮಕ್ಕಳ ಫೋಟೋದಲ್ಲಿ ನೆತ್ತಿ ಮತ್ತು ನೆಲ ಬಿಟ್ಟು ಬೇರೇನೂ ಇರಲ್ಲ.

ಕತ್ತಲೆಕೋಣೆ:

ನೂರಕ್ಕೆ ನೂರು ಒಪ್ಪಿದೆ.

ಕಿಟಕಿಬೆಳಕು:

ಎರಡೂ ಉತ್ತರಕ್ಕೆ ವಂದನೆ. ನನ್ನ ಎರಡನೇ ಪ್ರಶ್ನೆ ಹಾಗೇ ಉಳಿಯಿತು. ಎಲ್ಲಿ ನಿಲ್ಲಬೇಕು? ಮುಖದ ವಿಷಯದಲ್ಲಿ ಹೇಳಿ. ಹತ್ತಿರ ಹೋದರೆ ಮೂಗು ದಪ್ಪ ಕಾಣುತ್ತೆ ಅಂತ ಮನೆಯಲ್ಲಿ ಬೈಸಿಕೊಳ್ಳುತ್ತಾ ಇದ್ದೇನೆ.

ಐವತ್ತುಎಂಎಂ:

ಮನೆಯವರು ಸರಿಯಾಗೇ ಬೈದಿದ್ದಾರೆ.

ಮೂಗಿನ ತುದಿಯಿಂದ ಕಿವಿಗೆ ಸುಮಾರು 12 ಸೆಂಟಿಮೀಟರ್ ಅಂತ ಇಟ್ಟುಕೊಳ್ಳಿ. ಕ್ಯಾಮೆರಾ ಮೂಗಿನಿಂದ 30 ಸೆಂ.ಮೀ. ದೂರದಲ್ಲಿದ್ದರೆ ಕಿವಿ 42 ಸೆಂ.ಮೀ. ದೂರ. ಕಿವಿಗೆ ಹೋಲಿಸಿದರೆ ಮೂಗು 40 ಶೇಕಡಾ ಹಿಗ್ಗಿ ಕಾಣುತ್ತದೆ. ಅದೇ ಒಂದೂವರೆ ಮೀಟರ್ ದೂರದಿಂದ ತೆಗೆದರೆ 150ಕ್ಕೆ 162, ವ್ಯತ್ಯಾಸ ಬರೀ 8 ಶೇಕಡಾ. ನಾವು ಎದುರು ಕೂತವರನ್ನು ಮಾಮೂಲಾಗಿ ನೋಡುವುದೂ ಹೆಚ್ಚುಕಮ್ಮಿ ಅಷ್ಟು ದೂರದಿಂದಲೇ. ಅದಕ್ಕೆ ಅದು ಸಹಜ ಅನ್ನಿಸುತ್ತದೆ.

ಇದರ ಬಗ್ಗೆ ಅಮೆರಿಕದ ಸಂಶೋಧಕರು 2018ರಲ್ಲಿ ಒಂದು ಗಣಿತದ ಮಾದರಿ ಪ್ರಕಟಿಸಿದ್ದರು. 12 ಇಂಚು ದೂರದ ಸೆಲ್ಫಿಯಲ್ಲಿ ಮೂಗು ಸುಮಾರು 30 ಶೇಕಡಾ ಅಗಲ ಕಾಣುತ್ತದೆ, 5 ಅಡಿಯಲ್ಲಿ ಆ ವ್ಯತ್ಯಾಸ ಇಲ್ಲವೇ ಇಲ್ಲ ಅನ್ನಬಹುದು ಅಂತ. ಸೆಲ್ಫಿ ನೋಡಿ ಮೂಗು ಸರಿ ಮಾಡಿಸಿಕೊಳ್ಳಲು ಬರುವವರಿಗೆ ವಿವರಿಸಲು ಮಾಡಿದ ಲೆಕ್ಕ ಅದು!

ಹಾಗಾಗಿ ಮುಖ ಮಾತ್ರ ಬೇಕು ಅಂದರೆ ಒಂದೂವರೆ ಮೀಟರಿನಲ್ಲಿ ನಿಂತು 2ಎಕ್ಸ್ ಅಥವಾ 3ಎಕ್ಸ್ ಲೆನ್ಸ್ ಬಳಸಿ. ಒಂದೂವರೆ ಮೀಟರ್ ಅಂದರೆ ಎರಡು ಹೆಜ್ಜೆ. ಅದೇನೂ ದೂರ ಅಲ್ಲ, ಮಾತಾಡುತ್ತಲೇ ತೆಗೆಯಬಹುದು.

ಸುಮ್ನೆನೋಡುವವ:

ಅಂತೂ ಝೂಮಿಗೂ ಒಂದು ಕೆಲಸ ಸಿಕ್ಕಿತು.

ಕತ್ತಲೆಕೋಣೆ:

ಮುಖದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಬಿಗಿಯಾಗಿ ಫ್ರೇಮ್ ಮಾಡುವಾಗ ಏನೋ ಒಂದು ಕತ್ತರಿಸಿ ಹೋಗಲೇಬೇಕು. ಕತ್ತರಿಸುವುದಾದರೆ ಧೈರ್ಯವಾಗಿ ಕತ್ತರಿಸಿ. ಹಣೆ, ಕೂದಲು ಹೋದರೆ ಪರವಾಗಿಲ್ಲ. ಗಲ್ಲ ಹೋಗಬಾರದು. ಕೂದಲಿನ ತುದಿ ಮಾತ್ರ ಅಂಚಿಗೆ ತಾಗಿದರೆ ನೋಡುವವರಿಗೆ "ಅಯ್ಯೋ, ತಪ್ಪಿಹೋಗಿದೆ" ಅನ್ನಿಸುತ್ತದೆ. ಕೈ ಬಂದರೆ ಪೂರ್ತಿ ಬರಲಿ, ಇಲ್ಲವೇ ಮುಂಗೈ ನಡುವೆ ಕತ್ತರಿಸಿ. ಮಣಿಕಟ್ಟು, ಮೊಣಕೈ, ಮೊಣಕಾಲು ಹೀಗೆ ಕೀಲು ಇರುವ ಕಡೆ ಕತ್ತರಿಸಬೇಡಿ. ಬೆರಳ ತುದಿ ಅಂತೂ ಯಾವತ್ತೂ ಬೇಡ.

ಬಯಲುನೋಟ:

ಎಲ್ಲರೂ ಒಂದೇ ದಿಕ್ಕಿಗೆ ಓಡುತ್ತಿದ್ದೀರಿ. ಸ್ವಲ್ಪ ತಡೆಯಿರಿ.

ಈ "ಹತ್ತಿರ ಹೋಗಿ" ಅನ್ನುವುದು ಎಲ್ಲ ಕಾಯಿಲೆಗೂ ಒಂದೇ ಮಾತ್ರೆ ಆಗಿಬಿಟ್ಟಿದೆ. ಪರಿಣಾಮ ಏನು? ಯಾರ ಫೋಟೋ ನೋಡಿದರೂ ಮುಖ, ಮುಖ, ಹೂವು, ಮುಖ. ಆ ಮನುಷ್ಯ ಎಲ್ಲಿದ್ದ, ಬೆಳಗ್ಗೆಯಾ ಸಂಜೆಯಾ, ಒಬ್ಬನೇ ಇದ್ದನಾ, ಏನೂ ಗೊತ್ತಾಗುವುದಿಲ್ಲ. ಪಾಸ್‌ಪೋರ್ಟ್ ಫೋಟೋಗೂ ಅದಕ್ಕೂ ಏನು ವ್ಯತ್ಯಾಸ?

ದೊಡ್ಡ ಬಯಲಿನ ಮೂಲೆಯಲ್ಲಿ ಒಂದು ಮರ. ಫ್ರೇಮಿನಲ್ಲಿ ಅದು ಹೆಬ್ಬೆರಳ ಉಗುರಿನಷ್ಟು. ಆ ಚಿಕ್ಕದಾಗಿರುವುದೇ ಚಿತ್ರ. ಹತ್ತಿರ ಹೋಗಿ ಮರ ತುಂಬಿಸಿದರೆ ಬಯಲು ಸತ್ತಿತು. ಖಾಲಿ ಜಾಗವೂ ಫ್ರೇಮಿನಲ್ಲಿ ಕೆಲಸ ಮಾಡುತ್ತದೆ ಸ್ವಾಮಿ. ರಾಬರ್ಟ್ ಕಾಪಾ ಹೆಸರಲ್ಲಿ ಓಡಾಡುವ, ಹತ್ತಿರ ಹೋಗಿ ಅನ್ನುವ ಅರ್ಥದ ಆ ಒಂದು ಸಾಲನ್ನು ಹಿಡಿದುಕೊಂಡು ಎಲ್ಲರೂ ಭೂದೃಶ್ಯಕ್ಕೂ ಅದನ್ನೇ ಹಚ್ಚುತ್ತಿದ್ದಾರೆ.

ಕತ್ತಲೆಕೋಣೆ:

@ಬಯಲುನೋಟ ಬಯಲಿನ ಮರದ ಬಗ್ಗೆ ನನಗೆ ತಕರಾರಿಲ್ಲ. ಬೇಕಂತಲೇ ಚಿಕ್ಕದಾಗಿಡುವುದು ಬೇರೆ, ಗೊತ್ತಾಗದೆ ಚಿಕ್ಕದಾಗುವುದು ಬೇರೆ. ನಿಮ್ಮ ಮರದ ಸುತ್ತ ಬೇರೇನೂ ಇಲ್ಲ, ಹಾಗಾಗಿ ಕಣ್ಣು ನೇರ ಅದಕ್ಕೇ ಹೋಗುತ್ತದೆ. ಇಲ್ಲಿ ಜನ ಹಾಕುವ ಫೋಟೋಗಳಲ್ಲಿ ವ್ಯಕ್ತಿ ಚಿಕ್ಕದು, ಜೊತೆಗೆ ತಂತಿ, ಬೈಕು, ಬೋರ್ಡು, ಯಾರದ್ದೋ ಅರ್ಧ ಬೆನ್ನು. ಎರಡಕ್ಕೂ ಒಂದೇ ನ್ಯಾಯ ಆಗಲ್ಲ.

ಕಾಪಾ ವಿಷಯ. ಫೋಟೋ ಚೆನ್ನಾಗಿ ಬಂದಿಲ್ಲ ಅಂದರೆ ನೀವು ಸಾಕಷ್ಟು ಹತ್ತಿರ ಇಲ್ಲ ಅನ್ನುವ ಮಾತು ಅವರದ್ದು ಅಂತಲೇ ಪ್ರಚಾರದಲ್ಲಿದೆ. ಅವರು ಯುದ್ಧದ ಫೋಟೋಗ್ರಾಫರ್. 1944ರ ಜೂನ್ 6ರಂದು ನಾರ್ಮಂಡಿಯ ಕಡಲತೀರದಲ್ಲಿ ಸೈನಿಕರ ಜೊತೆ ನೀರಿಗಿಳಿದು ತೆಗೆದವರು. 1947ರಲ್ಲಿ ಮ್ಯಾಗ್ನಮ್ ಅನ್ನುವ ಫೋಟೋಗ್ರಾಫರುಗಳ ಸಂಸ್ಥೆ ಕಟ್ಟಿದವರಲ್ಲಿ ಒಬ್ಬರು. 1954ರಲ್ಲಿ ಇಂಡೋಚೈನಾದಲ್ಲಿ ನೆಲಬಾಂಬ್ ತುಳಿದು ಸತ್ತರು. ಅಂಥವರ ಬಾಯಲ್ಲಿ "ಹತ್ತಿರ" ಅಂದರೆ ಜೀವ ಪಣಕ್ಕಿಡುವ ದೂರ. ಅದನ್ನು ಹೂಕುಂಡದ ಫೋಟೋಗೆ ಹಚ್ಚುವುದು ನನಗೂ ನಗು ತರಿಸುತ್ತದೆ.

ಆದರೆ ನೀವು ಹೇಳಿದ "ಎಲ್ಲಿದ್ದ ಗೊತ್ತಾಗಲ್ಲ" ಅನ್ನುವುದಕ್ಕೆ ಪರಿಹಾರ ಹಿಂದೆ ಹೋಗುವುದೊಂದೇ ಅಲ್ಲ. ಹೆಚ್ಚು ಜಾಗ ಫ್ರೇಮಿಗೆ ತರುವ ವೈಡ್ ಲೆನ್ಸ್ ಹಾಕಿಕೊಂಡು ಹತ್ತಿರ ಹೋಗಿ. 24 ಅಥವಾ 28 ಎಂಎಂ. ಫೋನಿನ 1ಎಕ್ಸ್ ಹೆಚ್ಚುಕಮ್ಮಿ ಅದೇ. ಮಡಕೆ ಮಾಡುವವರು ಅಂದುಕೊಳ್ಳಿ. ಒದ್ದೆ ಮಣ್ಣಿನ ಮೇಲಿರುವ ಕೈಗೆ ಅರ್ಧ ಮೀಟರ್ ಹತ್ತಿರ ಹೋಗಿ. ಬೆರಳ ಗೆರೆಯಲ್ಲಿ ಕೂತ ಮಣ್ಣು ಕಾಣುತ್ತದೆ. ಕೈಯ ಆಚೆ ಅವರ ಮುಖ, ಇನ್ನೂ ಆಚೆ ಒಣಗಲು ಇಟ್ಟ ಸಾಲು, ಬಾಗಿಲು, ಬೆಳಕು. ಎಲ್ಲವೂ ಇದೆ, ಆದರೆ ಯಜಮಾನ ಯಾರು ಅಂತ ಗೊತ್ತಿದೆ. ಐವತ್ತುಎಂಎಂ ಹೇಳಿದ ಕಂಬದ ಲೆಕ್ಕ ಇಲ್ಲಿ ನಿಮ್ಮ ಪರವಾಗಿ ಕೆಲಸ ಮಾಡುತ್ತದೆ.

ಒಂದು ಎಚ್ಚರಿಕೆ. ವೈಡ್ ಲೆನ್ಸಿನಲ್ಲಿ ಮುಖ ಫ್ರೇಮಿನ ಮೂಲೆಗೆ ಬರದ ಹಾಗೆ ನೋಡಿಕೊಳ್ಳಿ. ಅಲ್ಲಿ ಎಲ್ಲವೂ ಎಳೆದ ಹಾಗೆ ಕಾಣುತ್ತದೆ. ಗ್ರೂಪ್ ಫೋಟೋದಲ್ಲಿ ತುದಿಯಲ್ಲಿ ನಿಂತವರು ಯಾಕೆ ದಪ್ಪ ಕಾಣುತ್ತಾರೆ ಅನ್ನುವುದಕ್ಕೂ ಇದೇ ಕಾರಣ. ಗುಂಪು ತೆಗೆಯುವಾಗ ಹಿಂದೆ ಹೋಗಿ, ಅಷ್ಟೆ.

ಬಯಲುನೋಟ:

ಮಡಕೆಯ ಉದಾಹರಣೆ ಒಪ್ಪಿಕೊಂಡೆ. ಪಾಸ್‌ಪೋರ್ಟ್ ಮಾತನ್ನು ಹಿಂದೆ ತೆಗೆದುಕೊಳ್ಳುವುದಿಲ್ಲ.

ಎಲೆಹುಳು:

ನಾನು ಮ್ಯಾಕ್ರೋ, ಅಂದರೆ ಚಿಕ್ಕ ವಸ್ತುಗಳನ್ನು ತೀರಾ ಹತ್ತಿರದಿಂದ ತೆಗೆಯುವ ಕಡೆಯವನು. ನಮ್ಮ ಲೋಕದಲ್ಲಿ "ಹತ್ತಿರ" ಅನ್ನುವುದರ ಅಳತೆಯೇ ಬೇರೆ. ಒಂದು ಸೆಂಟಿಮೀಟರ್ ಅಂದರೆ ದೊಡ್ಡ ದೂರ.

ಹುಲ್ಲಿನ ತುದಿಯಲ್ಲಿ ಒಂದು ಇಬ್ಬನಿ ಹನಿ. ನಿಂತು ನೋಡಿದರೆ ಅದು ಬರೀ ಹೊಳಪು. ಬಗ್ಗಿ ನೋಡಿದರೆ ದುಂಡಗಿನ ಗಾಜು. ಇನ್ನೂ ಹತ್ತಿರ ಹೋದರೆ ಅದರೊಳಗೆ ಹಿಂದಿರುವ ಹೂವು ತಲೆಕೆಳಗಾಗಿ ಪೂರ್ತಿ ಕಾಣುತ್ತದೆ. ಹನಿಯೇ ಒಂದು ಲೆನ್ಸ್. ನೀವು ಒಂದಿಷ್ಟು ಎಡಕ್ಕೆ ಸರಿದರೆ ಒಳಗಿನ ಹೂವೂ ಸರಿಯುತ್ತದೆ. ದೂರದಿಂದ ತೆಗೆದು ಕ್ರಾಪ್ ಮಾಡಿದರೆ ಆ ಹೂವು ನಾಲ್ಕು ಪಿಕ್ಸೆಲ್ ಬಣ್ಣ ಅಷ್ಟೆ. ಮೇಲೆ ಯಾರೋ ಕ್ರಾಪ್ ಪಕ್ಷ ಅಂದರಲ್ಲ, ಅವರು ನಮ್ಮ ಕಡೆ ಒಮ್ಮೆ ಬರಲಿ.

ತೊಂದರೆಗಳೂ ಇವೆ. ಮೊದಲನೆಯದು, ಪ್ರತಿ ಲೆನ್ಸಿಗೂ ಇದಕ್ಕಿಂತ ಹತ್ತಿರ ಫೋಕಸ್ ಆಗಲ್ಲ ಅನ್ನುವ ಒಂದು ಗಡಿ ಇದೆ. ದೊಡ್ಡ ಸೆನ್ಸರ್ ಇರುವ ಈಗಿನ ಫೋನುಗಳ ಮುಖ್ಯ ಲೆನ್ಸಿನಲ್ಲಿ ಅದು ಸುಮಾರು 15ರಿಂದ 25 ಸೆಂ.ಮೀ. ಅದಕ್ಕಿಂತ ಹತ್ತಿರ ಹೋದರೆ ಎಷ್ಟೋ ಫೋನುಗಳು ಹೇಳದೇ ಕೇಳದೇ ಅಲ್ಟ್ರಾವೈಡ್ ಲೆನ್ಸಿಗೆ ಹಾರುತ್ತವೆ. ಐಫೋನ್ 13 ಪ್ರೋದಲ್ಲಿ ಆ ಲೆನ್ಸ್ 2 ಸೆಂ.ಮೀ.ವರೆಗೂ ಫೋಕಸ್ ಮಾಡುತ್ತದೆ. ಹತ್ತಿರ ಹೋದ ಕೂಡಲೇ ಪರದೆಯ ಚಿತ್ರ ಒಮ್ಮೆ ಕುಪ್ಪಳಿಸಿದ ಹಾಗೆ ಆಗುವುದು ಇದಕ್ಕೇ.

ಎರಡನೆಯದು, ಫೋಕಸ್ ಇರುವ ಪದರ ತೆಳ್ಳಗಾಗುವುದು. ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾ, 50 ಎಂಎಂ ಲೆನ್ಸ್, ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಬರುವ ರಂಧ್ರ) ಎಫ್/1.8. ವಸ್ತು 2 ಮೀಟರ್ ದೂರ ಇದ್ದರೆ ಸುಮಾರು 17 ಸೆಂ.ಮೀ. ಆಳ ಸ್ಪಷ್ಟ ಇರುತ್ತದೆ. ಅರ್ಧ ಮೀಟರಿಗೆ ಬಂದರೆ ಅದು ಒಂದು ಸೆಂಟಿಮೀಟರ್ ಮಾತ್ರ. ನೀವು ಉಸಿರು ಬಿಟ್ಟರೆ ಫೋಕಸ್ ಹೋಯಿತು. ಆ ರಂಧ್ರ ಕಿರಿದು ಮಾಡಿ ಎಫ್/8ಕ್ಕೆ ಹೋದರೆ 4 ಸೆಂ.ಮೀ. ಸಿಗುತ್ತದೆ, ಆದರೆ ಬೆಳಕು ಬೇಕು. ಹಾಗಾಗಿ ಫೋಕಸ್ ಎಲ್ಲಿ ಅನ್ನುವುದನ್ನು ಮೊದಲೇ ಗಟ್ಟಿ ಮಾಡಿಕೊಳ್ಳಿ. ಹುಳ ಆದರೆ ಕಣ್ಣು. ಕಣ್ಣು ಸ್ಪಷ್ಟ ಇದ್ದರೆ ಬೆನ್ನು ಮಸುಕಾದರೂ ಯಾರೂ ಕೇಳಲ್ಲ. ಚಪ್ಪಟೆ ವಸ್ತು ಆದರೆ, ಎಲೆ, ಚಿಟ್ಟೆಯ ರೆಕ್ಕೆ ಥರ, ಕ್ಯಾಮೆರಾವನ್ನು ಅದಕ್ಕೆ ಸಮಾನಾಂತರವಾಗಿ ಹಿಡಿಯಿರಿ. ಪದರ ತೆಳ್ಳಗಿದ್ದರೂ ಇಡೀ ರೆಕ್ಕೆ ಅದರೊಳಗೇ ಕೂರುತ್ತದೆ.

ಮ್ಯಾಕ್ರೋ ಲೆನ್ಸ್ ಇಲ್ಲದವರಿಗೆ ಎಕ್ಸ್‌ಟೆನ್ಷನ್ ಟ್ಯೂಬ್ ಇದೆ. ಒಳಗೆ ಗಾಜಿಲ್ಲ, ಬರೀ ಟೊಳ್ಳು ಕೊಳವೆ. ಲೆನ್ಸನ್ನು ಸೆನ್ಸರಿನಿಂದ ದೂರ ಮಾಡುತ್ತದೆ ಅಷ್ಟೆ. 50 ಎಂಎಂ ಲೆನ್ಸಿಗೆ 25 ಎಂಎಂ ಟ್ಯೂಬ್ ಹಾಕಿದರೆ, ಲೆನ್ಸಿನ ಫೋಕಸ್ ಅನಂತದಲ್ಲಿ (ಅತಿ ದೂರಕ್ಕೆ) ಇದ್ದಾಗಲೇ ವಸ್ತುವಿನ ನಿಜ ಅಳತೆಯ ಅರ್ಧದಷ್ಟು ದೊಡ್ಡ ಬಿಂಬ ಸೆನ್ಸರಿನ ಮೇಲೆ ಬೀಳುತ್ತದೆ. ದೂರದ್ದು ಮಾತ್ರ ಇನ್ನು ಫೋಕಸ್ ಆಗುವುದಿಲ್ಲ. ಲೆನ್ಸಿನ ಮುಂದೆ ಹಾಕುವ, ಭೂತಗನ್ನಡಿ ಥರದ ಕ್ಲೋಸಪ್ ಫಿಲ್ಟರ್ ಇನ್ನೊಂದು ದಾರಿ. +4 ಫಿಲ್ಟರ್ ಅಂದರೆ ಅನಂತಕ್ಕೆ ಇಟ್ಟ ಲೆನ್ಸ್ 25 ಸೆಂ.ಮೀ.ನಲ್ಲಿ ಫೋಕಸ್ ಮಾಡುತ್ತದೆ.

ಕತ್ತಲೆಕೋಣೆಯವರು ಹಳಬರನ್ನು ನೆನೆದದ್ದಕ್ಕೆ ನಾನೂ ಒಬ್ಬರನ್ನು ನೆನೆಯುತ್ತೇನೆ. ಜರ್ಮನಿಯ ಕಾರ್ಲ್ ಬ್ಲಾಸ್‌ಫೆಲ್ಟ್, 1865ರಿಂದ 1932. ಗಿಡದ ಚಿಗುರು, ಕುಡಿ, ಮೊಗ್ಗುಗಳನ್ನು ಹಲವು ಪಟ್ಟು ಹಿಗ್ಗಿಸಿ ತೆಗೆದವರು. ಹಿನ್ನೆಲೆ ಸಾದಾ, ಬೆಳಕು ಸಾದಾ. ಜರಿಗಿಡದ ಸುರುಳಿ ನೋಡಿದರೆ ಕಬ್ಬಿಣದ ಕೆತ್ತನೆ ಅನ್ನಿಸುತ್ತದೆ. ಅವರು ವಿನ್ಯಾಸ ಕಲಿಸುತ್ತಿದ್ದ ಮೇಷ್ಟ್ರು, ವಿದ್ಯಾರ್ಥಿಗಳಿಗೆ ಆಕಾರ ತೋರಿಸಲು ಇದನ್ನೆಲ್ಲ ತೆಗೆದದ್ದು.

ಗೂಡುಕಾವಲು:

ಹುಳದ ಮಾತು ಬಂತು, ಹಕ್ಕಿ, ಪ್ರಾಣಿಯ ಮಾತೂ ಬರಲಿ. ಇಲ್ಲಿ ಮಾತ್ರ ದಯವಿಟ್ಟು ಹತ್ತಿರ ಹೋಗಬೇಡಿ. ಹಕ್ಕಿ ಮೇಯುವುದು ನಿಲ್ಲಿಸಿ ತಲೆ ಎತ್ತಿತು ಅಂದರೆ ನೀವು ಆಗಲೇ ಜಾಸ್ತಿ ಹತ್ತಿರ ಬಂದಿದ್ದೀರಿ. ಗೂಡಿನ ಹತ್ತಿರ ಅಂತೂ ಸುಳಿಯಲೇಬೇಡಿ. ತಾಯಿ ಎದ್ದು ಹೋದರೆ ಮೊಟ್ಟೆ ತಣ್ಣಗಾಗುತ್ತದೆ, ಬೇರೆ ಪ್ರಾಣಿಗೆ ದಾರಿ ಗೊತ್ತಾಗುತ್ತದೆ. ಅಮೆರಿಕದ ಯೆಲ್ಲೊಸ್ಟೋನ್ ಉದ್ಯಾನದಲ್ಲಿ ಕರಡಿ, ತೋಳಗಳಿಂದ 91 ಮೀಟರ್, ಕಾಡೆಮ್ಮೆಯಂಥ ಉಳಿದ ಪ್ರಾಣಿಗಳಿಂದ 23 ಮೀಟರ್ ದೂರ ಇರಬೇಕು ಅಂತ ನಿಯಮವೇ ಇದೆ.

ಉದ್ದದ ಲೆನ್ಸ್ ಇದ್ದರೆ ಬಳಸಿ. ಇಲ್ಲದಿದ್ದರೆ ಕ್ರಾಪ್ ಮಾಡಿ. ಅಥವಾ ಒಂದು ಕಡೆ ಅಲ್ಲಾಡದೆ ಕೂತುಕೊಳ್ಳಿ, ಬರುವ ಹಾಗಿದ್ದರೆ ಅದೇ ಹತ್ತಿರ ಬರುತ್ತದೆ.

ಸುಮ್ನೆನೋಡುವವ:

ಕ್ರಾಪ್‌ಗೂ ಒಂದು ಕೆಲಸ ಸಿಕ್ಕಿತು! ಇನ್ನು ನಾನು ನೆಮ್ಮದಿಯಾಗಿ ಮಲಗಬಹುದು.

ಮಂಜುಗಾಜು:

ಮಲಗುವ ಮುಂಚೆ ನಿಮ್ಮ ದಂಡಿ ಪಿಕ್ಸೆಲ್ ಲೆಕ್ಕ ಮುಗಿಸೋಣ. 3ಎಕ್ಸ್ ಹತ್ತಿರ ಬಂದ ಹಾಗೆ ಕಾಣುವಂತೆ ಕ್ರಾಪ್ ಮಾಡಿದರೆ ಅಗಲದಲ್ಲಿ ಮೂರನೇ ಒಂದು, ಎತ್ತರದಲ್ಲೂ ಮೂರನೇ ಒಂದು ಉಳಿಯುತ್ತದೆ. ಅಂದರೆ ಒಂಬತ್ತರಲ್ಲಿ ಒಂದು ಭಾಗ. 48 ಮೆಗಾಪಿಕ್ಸೆಲ್ ಫೋನುಗಳಲ್ಲಿ ಹೆಚ್ಚಿನವು ನಾಲ್ಕು ನಾಲ್ಕು ಪಿಕ್ಸೆಲ್ ಸೇರಿಸಿ 12 ಮೆಗಾಪಿಕ್ಸೆಲ್ ಫೋಟೋ ಕೊಡುತ್ತವೆ. 12ರ ಒಂಬತ್ತನೇ ಭಾಗ ಅಂದರೆ 1.3. ಪೂರ್ತಿ 48ರಲ್ಲೇ ತೆಗೆದಿದ್ದರೂ 5.3. ಹಗಲು ಬೆಳಕಿನಲ್ಲಿ ಫೋನ್ ಪರದೆಗೆ ಪರವಾಗಿಲ್ಲ. ಸಂಜೆಯ ಫೋಟೋ ಆದರೆ ಆ ಭಾಗ ಬಣ್ಣ ಬಳಿದ ಹಾಗೆ ಕಾಣುತ್ತದೆ. ದೊಡ್ಡದಾಗಿ ಪ್ರಿಂಟ್ ಹಾಕಿಸುವ ಆಸೆ ಬಿಡಿ.

ಇನ್ನೊಂದು ಗುಟ್ಟು. ನೀವು 3ಎಕ್ಸ್ ಒತ್ತಿದರೂ ಬೆಳಕು ಕಡಿಮೆ ಇದ್ದರೆ, ಅಥವಾ ವಸ್ತು ತೀರಾ ಹತ್ತಿರ ಇದ್ದರೆ, ಕೆಲವು ಫೋನುಗಳು ಟೆಲಿ ಲೆನ್ಸ್ ಬಳಸುವುದೇ ಇಲ್ಲ. ಮುಖ್ಯ ಲೆನ್ಸಿನ ಚಿತ್ರವನ್ನೇ ಕತ್ತರಿಸಿ ಕೊಡುತ್ತವೆ. ಪರೀಕ್ಷೆ ಮಾಡಬೇಕಾ? 3ಎಕ್ಸ್ ಹಾಕಿ, ಟೆಲಿ ಲೆನ್ಸಿಗೆ ಬೆರಳು ಅಡ್ಡ ಇಡಿ. ಪರದೆ ಕಪ್ಪಾಗದಿದ್ದರೆ ಅದು ಝೂಮ್ ಅಲ್ಲ, ಕ್ರಾಪ್.

ಸುಮ್ನೆನೋಡುವವ:

ಈಗ ತಾನೇ ಬೆರಳಿಟ್ಟು ನೋಡಿದೆ. ಟ್ಯೂಬ್‌ಲೈಟ್ ಬೆಳಕಿನಲ್ಲಿ ಕಪ್ಪಾಗಲೇ ಇಲ್ಲ. ಇಷ್ಟು ದಿನ ಝೂಮ್ ಅಂದುಕೊಂಡು ಕ್ರಾಪ್ ತೆಗೆಯುತ್ತಿದ್ದೆ, ನನ್ನ ಪಕ್ಷಕ್ಕೆ ಗೊತ್ತಿಲ್ಲದೇ ನಿಷ್ಠನಾಗಿದ್ದೆ ಅಂತಾಯಿತು.

ಕಿಟಕಿಬೆಳಕು:

ಆ ಹಳೇ ಬಾಗಿಲು ನನ್ನನ್ನು ಬಿಡುತ್ತಿಲ್ಲ. ಮರದ್ದು, ಬಣ್ಣ ಎದ್ದಿದೆ, ಕಬ್ಬಿಣದ ಅಗುಳಿ ಇದೆ. ಇಡೀ ಬಾಗಿಲು ಫ್ರೇಮಿನ ತುಂಬ ತಂದೆ. ಆದರೂ ಸಪ್ಪೆ. ಇನ್ನೂ ಹತ್ತಿರ ಹೋದರೆ ಬಾಗಿಲೇ ಕಾಣಲ್ಲ. ಹೋದರೆ ಫೋನಿನ ನೆರಳು ಬೇರೆ ಬೀಳುತ್ತೆ.

ಎಲೆಹುಳು:

ಬಾಗಿಲು ಕಾಣದಿದ್ದರೆ ಏನಂತೆ? ಅಗುಳಿಯ ಹತ್ತಿರ ಕೈ ತಾಗಿ ತಾಗಿ ಮರ ನುಣುಪಾಗಿರುತ್ತದಲ್ಲ, ಅಲ್ಲಿಗೆ ಹೋಗಿ. ಅಗುಳಿ, ಅದರ ತುಕ್ಕು ಇಳಿದ ಗೆರೆ, ಸುತ್ತಲಿನ ಎದ್ದ ಬಣ್ಣದ ಚಕ್ಕೆ. ಇಷ್ಟೇ ಸಾಕು. ಅದು ಬಾಗಿಲು ಅಂತ ನೋಡುವವರಿಗೆ ಗೊತ್ತಾಗುತ್ತದೆ.

ಬಿಸಿಲು ನೇರ ಮುಂದಿನಿಂದ ಬೀಳುವಾಗ ತೆಗೆಯಬೇಡಿ. ಬಾಗಿಲಿನ ಮೈಗೆ ಬೆಳಕು ಪಕ್ಕದಿಂದ ಸವರಿಕೊಂಡು ಹೋಗುವ ಹೊತ್ತಿಗೆ ಹೋಗಿ. ಪ್ರತಿ ಚಕ್ಕೆಗೂ ಅದರದ್ದೇ ನೆರಳು ಬರುತ್ತದೆ, ಆಗ ಒರಟುತನ ಕಾಣುತ್ತದೆ. ಮಂಜುಗಾಜು ಹೇಳಿದ ಬೆರಳಿನ ಪರೀಕ್ಷೆ ಮಾಡಿ, ನಿಜವಾದ ಟೆಲಿ ಲೆನ್ಸ್ ಓಡುತ್ತಿದ್ದರೆ ಅರ್ಧ ಮೀಟರ್ ಹಿಂದೆ ಸರಿದು ಅದರಲ್ಲೇ ತೆಗೆಯಿರಿ, ಫೋನಿನ ನೆರಳು ಹೊರಗೆ ಹೋಗುತ್ತದೆ. ಅಗುಳಿಯಂಥ ಚಪ್ಪಟೆ ವಸ್ತುವಿಗೆ ಹಿನ್ನೆಲೆಯ ಲೆಕ್ಕ ಇಲ್ಲ, ಹಾಗಾಗಿ ಝೂಮ್ ಮಾಡಿದರೆ ಐವತ್ತುಎಂಎಂ ಅವರೂ ಬೈಯಲ್ಲ.

ಐವತ್ತುಎಂಎಂ:

ಬೈಯಲ್ಲ. ಲೆನ್ಸ್ ಒರೆಸಿಕೊಂಡು ಹೋಗಿ ಆದರೆ. ಪಕ್ಕದ ಬೆಳಕಿನಲ್ಲಿ ಬೆರಳಿನ ಜಿಡ್ಡು ಇಡೀ ಚಿತ್ರಕ್ಕೆ ಮಂಜು ಕವಿಸುತ್ತದೆ.